ಮರಿ ಬಿಡುವುದನ್ನು ನಿಲ್ಲಿಸಿ ಮಡು ಕಾಯತೊಡಗಿದ ಮೇಲೆ: ಭೀಮಾ ದಂಡೆಯ ನನ್ನ ಅನುಭವ

ಮೃಗಶಿರಾ ಮಳೆ ಕೂಡುವ ದಿನ ಮೀನು ತಿನ್ನಬೇಕೆಂಬುದು ಕಲಬುರಗಿ, ಯಾದಗಿರಿ, ಬೀದರ್ ಸೀಮೆಯಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಜೂನ್ 7 ಅಥವಾ 8ಕ್ಕೆ ಬರುವ ಆ ದಿನವನ್ನು ನಮ್ಮ ಜನ ‘ಮಿರಗ’ ಎನ್ನುತ್ತಾರೆ. ಅಂದು ಮೀನು ತಿಂದರೆ ಮಳೆಗಾಲದ ಕೆಮ್ಮು, ದಮ್ಮು ಹತ್ತಿರ ಸುಳಿಯುವುದಿಲ್ಲವೆಂಬ ನಂಬಿಕೆಯಿಂದ, ವರ್ಷಕ್ಕೆ ಎರಡು ಮೂರು ಸಲವಷ್ಟೇ ಮೀನು ತರುವ ಮನೆಯವರೂ ಬೆಳಿಗ್ಗೆಯೇ ಚೀಲ ಹಿಡಿದು ಬಜಾರಿಗೆ ಬರುತ್ತಾರೆ. ಮೀನುಗಾರರ ಸಹಕಾರ ಸಂಘದ ಕಾರ್ಯದರ್ಶಿಯಾಗಿ 18 ವರ್ಷ ಕೆಲಸ ಮಾಡಿದ ನಾನು, ಮೊದಲ ಹತ್ತು ಹನ್ನೆರಡು ವರ್ಷ ಆ ದಿನದ ವಹಿವಾಟನ್ನು ಸಂತೋಷದಿಂದಲೇ ಲೆಕ್ಕದ ಪುಸ್ತಕಕ್ಕೆ ಬರೆದುಕೊಂಡೆ. ಆದರೆ ಅದೇ ದಿನ ಮೀನು ಕೊಯ್ಯುವ ಹೆಣ್ಣುಮಕ್ಕಳ ಪಕ್ಕದಲ್ಲಿ ರಾಶಿ ಬೀಳುತ್ತಿದ್ದ ತತ್ತಿಯ ಗಂಟುಗಳನ್ನು ನೋಡಿಯೂ ನೋಡದಂತೆ ಇದ್ದೆ. ಹೊಳೆಯ ಕೆಮ್ಮೀನು, ಕಾಗೆಮೀನು, ಅರ್ಜ ಇವೆಲ್ಲ ಹೊಟ್ಟೆ ತುಂಬ ತತ್ತಿ ಹೊತ್ತು ಹೊಸ ನೀರಿಗಾಗಿ ಕಾದಿರುವ ಹೊತ್ತಿಗೇ ನಮ್ಮ ಬಜಾರಿನ ಬೇಡಿಕೆ ಏರುತ್ತದೆ. ವರ್ಷದಲ್ಲಿ ಹಿಡಿಯಬಾರದ ಹೊತ್ತು ಯಾವುದೋ ಅದೇ ಹೊತ್ತಿಗೆ ನಾವು ಅತಿ ಹೆಚ್ಚು ಹಿಡಿಯುತ್ತಿದ್ದೆವು.

ನಮ್ಮ ಊರು ಭೀಮೆಯ ದಂಡೆಯಲ್ಲಿದೆ. ಕಾಗಿಣಾ ನದಿ ಹೊನಗುಂಟಾದ ಬಳಿ ಭೀಮೆಯನ್ನು ಕೂಡಿದ ಮೇಲೆ, ಸನ್ನತಿಯ ಕಡೆಗೆ ಇಳಿಯುವ ಹರಿವಿನಲ್ಲಿ ನಮ್ಮ ಸಂಘದವರು ಮೂರು ತಲೆಮಾರಿನಿಂದ ಬಲೆ ಹಾಕುತ್ತ ಬಂದಿದ್ದಾರೆ. ಈ ಭಾಗದಲ್ಲಿ ಹೊಳೆಯ ತಳವೆಂದರೆ ಪದರು ಪದರಾದ ಪರ್ಸಿ ಕಲ್ಲು. ಶಹಾಬಾದಿನ ಹೆಸರಿನಲ್ಲಿ ದೇಶವೆಲ್ಲ ಮಾರಾಟವಾಗುವ ನೆಲಗಲ್ಲಿನದೇ ಬಳಗ. ನೀರು ಈ ಪದರುಗಳ ಸಂದು ಹಿಡಿದು ಕೊರೆದು ಅಲ್ಲಲ್ಲಿ ಆಳವಾದ ಮಡುಗಳನ್ನು ಮಾಡಿದೆ. ಮಳೆಗಾಲದಲ್ಲಿ ದಂಡೆಯಿಂದ ದಂಡೆಗೆ ತುಂಬಿ ಹರಿಯುವ ಭೀಮೆ ಮಾರ್ಚ್ ದಾಟಿದ ಮೇಲೆ ಎಷ್ಟೋ ವರ್ಷ ಹರಿಯುವುದನ್ನೇ ನಿಲ್ಲಿಸುತ್ತದೆ. ಮೇಲೆ ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿ ಉಜನಿ ಜಲಾಶಯವಿದೆ. ಅಲ್ಲಿಂದ ನೀರು ಬಿಟ್ಟರೆ ಹೊಳೆ, ಬಿಡದಿದ್ದರೆ ಮಡು ಎಂಬುದು ನಮ್ಮ ಬೇಸಿಗೆಯ ಸ್ಥಿತಿ.

ಮೊದಲಿಗೆ ನಾವು ಮಾಡಿದ ತಪ್ಪನ್ನು ಹೇಳಬೇಕು, ಏಕೆಂದರೆ ಅದೇ ತಪ್ಪನ್ನು ಈಗಲೂ ಅನೇಕ ಸಂಘಗಳು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿವೆ. ಹೊಳೆಯಲ್ಲಿ ಮೀನು ಕಡಿಮೆಯಾಗಿದೆ ಎಂದ ಕೂಡಲೇ ನಮಗೆ ತೋಚಿದ ಉಪಾಯ ಮರಿ ಬಿಡುವುದು. ಕೆರೆಯಲ್ಲಿ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟು ಹತ್ತು ತಿಂಗಳಿಗೆ ಕಿಲೋ ತೂಕದ ಮೀನು ತೆಗೆದವರಿಗೆ ಹೊಳೆಯೂ ಒಂದು ದೊಡ್ಡ ಕೆರೆಯಂತೆಯೇ ಕಂಡದ್ದು ಸಹಜ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮರಿ ತಂದು, ಪೂಜೆ ಮಾಡಿ, ಹೊಳೆಗೆ ಬಿಟ್ಟು, ಫೋಟೋ ತೆಗೆಸಿಕೊಂಡು ಮನೆಗೆ ಬರುತ್ತಿದ್ದೆವು. ಉಗುರಿನಷ್ಟಿದ್ದ ಆ ಮರಿಗಳು ಮುಂದಿನ ಪ್ರವಾಹಕ್ಕೆ ಎಲ್ಲಿಗೆ ಹೋದವೋ, ಮಡುವಿನ ಬಾಳೆಮೀನಿಗೆ ಎಷ್ಟು ಆಹಾರವಾದವೋ ಯಾರೂ ಕೇಳಲಿಲ್ಲ. ಈ ಮೂರೂ ಜಾತಿಗಳು ಮೂಲತಃ ಗಂಗಾ ಬಯಲಿನ ನದಿಗಳಿಂದ ದಕ್ಷಿಣಕ್ಕೆ ತಂದವು. ಕೆರೆಗೆ ಅವು ವರವೇ ಸರಿ, ಆದರೆ ಕೃಷ್ಣಾ ಕಣಿವೆಯಲ್ಲಿಯೇ ಹುಟ್ಟಿ ಬೆಳೆದ ಕೆಮ್ಮೀನಿನ ಬದಲಿಗೆ ಅವನ್ನು ಹೊಳೆಗೆ ತುಂಬುವುದರಲ್ಲಿ ಅರ್ಥವೇನೆಂದು ನನಗೆ ತಡವಾಗಿ ಅನಿಸಿತು.

ಒಂದು ವರ್ಷವಂತೂ ಖಾಸಗಿ ಮರಿ ಕೇಂದ್ರವೊಂದರಿಂದ ಬಂದ ಚೀಲಗಳಲ್ಲಿ ತಿಲಾಪಿಯಾ ಮರಿ ಬೆರೆತು ಬಂದವು. ಚೀಲ ಬಿಡುವ ಮುನ್ನ ಒಂದು ಹಿಡಿ ಮರಿಯನ್ನು ಬಿಳಿ ತಟ್ಟೆಗೆ ಹಾಕಿ ನೋಡಿದ್ದರೆ ಬೆನ್ನಿನ ಮುಳ್ಳಿನ ರೆಕ್ಕೆಯಿಂದಲೇ ತಿಳಿಯುತ್ತಿತ್ತು. ನಾನು ನೋಡಲಿಲ್ಲ, ರಸೀದಿಗೆ ಸಹಿ ಮಾಡಿದೆ. ಆ ತಪ್ಪು ನನ್ನದೇ. ತಿಲಾಪಿಯಾ ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ, ಹೆಣ್ಣು ಮೀನು ತತ್ತಿಯನ್ನೂ ಮರಿಯನ್ನೂ ಬಾಯಲ್ಲಿಟ್ಟುಕೊಂಡು ಕಾಯುತ್ತದೆ. ವರ್ಷಕ್ಕೊಮ್ಮೆ, ಅದೂ ಹೊಸ ನೀರು ಬಂದರೆ ಮಾತ್ರ ತತ್ತಿ ಬಿಡುವ ನಮ್ಮ ಮೀನುಗಳು ಅದರ ಜೊತೆ ಎಷ್ಟು ದಿನ ಪೈಪೋಟಿ ಮಾಡಿಯಾವು? ಅಂದಿನಿಂದ ಬಿಳಿ ಸ್ಟೀಲಿನ ತಟ್ಟೆಯೊಂದು ಸಂಘದ ಕಪಾಟಿನಲ್ಲಿ ಶಾಶ್ವತವಾಗಿ ಇದೆ. ಕೆರೆಗೆ ಮರಿ ತಂದರೂ ಪ್ರತಿ ಚೀಲದಿಂದ ಒಂದು ಹಿಡಿ ಅದರಲ್ಲಿ ಬಿದ್ದ ಮೇಲೆಯೇ ಉಳಿದದ್ದು ನೀರಿಗೆ ಬೀಳುತ್ತದೆ.

2018ರ ಮಳೆಗಾಲ ಕೈಕೊಟ್ಟಿತು. 2019ರ ಬೇಸಿಗೆಯಲ್ಲಿ ಹೊಳೆ ಬತ್ತಿ, ನಮ್ಮ ಹರಿವಿನಲ್ಲಿ ನೀರಿದ್ದದ್ದು ಕೆಲವೇ ಮಡುಗಳಲ್ಲಿ. ಆ ಏಪ್ರಿಲ್‌ನಲ್ಲಿ ನಾನು ಮತ್ತು ನಮ್ಮ ಸಂಘದ ಹಿರಿಯರೊಬ್ಬರು ತೆಪ್ಪದಲ್ಲಿ ಕೂತು ಒಂದೊಂದೇ ಮಡುವನ್ನು ಅಳೆಯಲು ಹೊರಟೆವು. ಉಪಕರಣವೆಂದರೆ ನೂಲಿನ ಹಗ್ಗ, ತುದಿಗೆ ಕಟ್ಟಿದ ಬೀಸುಕಲ್ಲಿನ ಚೂರು, ಮಾರಿಗೊಂದರಂತೆ ಕಟ್ಟಿದ ಕೆಂಪು ಬಟ್ಟೆಯ ಗುರುತು. ಹೆಚ್ಚಿನ ಮಡುಗಳು ಒಂದು ಮಾರಿಗಿಂತ ಕಡಿಮೆಯಿದ್ದವು; ಮರಳು ತೆಗೆದು ಮಾಡಿದ ಗುಂಡಿಗಳು ನೋಡಲು ದೊಡ್ಡವಾಗಿದ್ದರೂ ನೀರು ಬಿಸಿಯಾಗಿ ಹಸಿರುಗಟ್ಟಿತ್ತು. ಒಂದು ಮಡುವಿನಲ್ಲಿ ಮಾತ್ರ, ಪರ್ಸಿ ಕಲ್ಲಿನ ಚಪ್ಪರದ ಅಡಿಗೆ, ಹಗ್ಗ ಮೂರು ಮಾರು ದಾಟಿ ಇಳಿಯಿತು. ಹುಟ್ಟು ನಿಲ್ಲಿಸಿ ಸುಮ್ಮನೆ ಕೂತಾಗ ಆ ಕಲ್ಲಿನ ನೆರಳಿನಿಂದ ಬಾಳೆಮೀನೊಂದು ಮೇಲೆ ಬಂದು ಗುಟುಕು ನುಂಗಿ ಇಳಿಯಿತು. ಅದರ ಹಿಂದೆ ಕೆಮ್ಮೀನಿನ ಹಿಂಡು ಬೆನ್ನು ತಿರುಗಿಸಿದಾಗ ನೀರೊಳಗೆ ತಾಮ್ರದ ಬಿಲ್ಲೆ ಚೆಲ್ಲಿದಂತೆ ಕಂಡಿತು. ಹಿರಿಯರು ಹಗ್ಗ ಸುತ್ತುತ್ತ ಹೇಳಿದರು: “ತಮ್ಮಾ, ಹೊಳಿ ಎಲ್ಲಾ ಸತ್ತಂಗ ಕಾಣ್ತದ. ಆದ್ರ ಅದರ ಬೀಜ ಎಲ್ಲಾ ಇಲ್ಲೇ ಕುಂತದ ನೋಡು.”

ಆ ಮಾತೇ ನಮ್ಮ ಮುಂದಿನ ಕೆಲಸವಾಯಿತು. ಮಳೆಗಾಲದಲ್ಲಿ ಮೈಲಿಗಟ್ಟಲೆ ಹರಡುವ ಮೀನುಗಳ ತಾಯಿ ತಂದೆಗಳೆಲ್ಲ ಏಪ್ರಿಲ್, ಮೇ ತಿಂಗಳಲ್ಲಿ ಇಂಥ ನಾಲ್ಕಾರು ಮಡುಗಳಲ್ಲಿ ಸೇರಿರುತ್ತವೆ. ಅಲ್ಲಿ ಎಳೆಬಲೆ ಹಾಕಿ ಒಂದು ದಿನ ಎಳೆದರೆ ಇಡೀ ಹರಿವಿನ ಮುಂದಿನ ವರ್ಷದ ಮೀನನ್ನು ತೆಗೆದಂತೆ. ಕಿಲೋ ತೂಗುವ ಒಂದು ಹೆಣ್ಣು ರೋಹು ಸುಮಾರು 2 ಲಕ್ಷ ತತ್ತಿ ಹೊರುತ್ತದೆ, ಕೆಮ್ಮೀನು ಅದರದೇ ಬಳಗದ್ದು. ಅಷ್ಟು ತತ್ತಿಯಲ್ಲಿ ಬದುಕಿ ದೊಡ್ಡದಾಗುವವು ಬೆರಳೆಣಿಕೆಯಷ್ಟೇ ಇರಬಹುದು. ಆದರೂ ನಾವು ದುಡ್ಡು ಕೊಟ್ಟು ತಂದು ಬಿಡುವ ಮರಿಗಳಿಗಿಂತ ಅವು ಗಟ್ಟಿ, ಏಕೆಂದರೆ ಈ ಹೊಳೆಯ ಬರ ಮತ್ತು ಪ್ರವಾಹ ಎರಡನ್ನೂ ಬಲ್ಲ ತಳಿ ಅದು. ಹಾಗಾಗಿ ಸಂಘದ ಸಭೆಯಲ್ಲಿ ನಾನು ಇಟ್ಟ ಸಲಹೆ ಇಷ್ಟೇ: ಕೆರೆಗಳಲ್ಲಿ ಬಿತ್ತಿ ಬೆಳೆದು ತೆಗೆಯೋಣ, ಹೊಳೆಯಲ್ಲಿ ಬಿತ್ತುವುದನ್ನು ಬಿಟ್ಟು ಬೀಜದ ಮೀನನ್ನು ಕಾಯೋಣ. ಮೂರು ಮಾರಿನ ಮಡುವಿಗೆ ಮತ್ತು ಅದರ ಮೇಲೆ ಕೆಳಗಿನ ಇನ್ನೆರಡು ಸಣ್ಣ ಮಡುಗಳಿಗೆ ಯುಗಾದಿಯಿಂದ ಹೊಸ ನೀರು ಬಂದು ಹೋಗುವವರೆಗೆ ಬಲೆ ಬೀಳಬಾರದು.

ಗಂಡಸರು ಗೊಣಗಿದರೂ ಒಪ್ಪಿದರು. ಒಪ್ಪದವರು ಹೆಣ್ಣುಮಕ್ಕಳು, ಮತ್ತು ಅವರನ್ನು ಸಭೆಗೆ ಕರೆಯದೇ ಇದ್ದದ್ದು ನಾನು ಮಾಡಿದ ಎರಡನೆಯ ದೊಡ್ಡ ತಪ್ಪು. ಹೊಳೆಯಲ್ಲಿ ಹಿಡಿಯುವವರು ಗಂಡಸರು, ಬುಟ್ಟಿ ಹೊತ್ತು ಸಂತೆಯಿಂದ ಸಂತೆಗೆ ಹೋಗಿ ಮಾರುವವರು ಈ ಹೆಣ್ಣುಮಕ್ಕಳು. ಬೇಸಿಗೆಯಲ್ಲಿ ಹೊಲದ ಕೂಲಿಯೂ ಇಲ್ಲದಾಗ ಮನೆ ನಡೆಯುವುದು ಆ ಬುಟ್ಟಿಯಿಂದಲೇ. ಮರುದಿನ ಬೆಳಿಗ್ಗೆ ಸಂಘದ ಕಟ್ಟೆಯ ಮುಂದೆ ಹತ್ತು ಹನ್ನೆರಡು ಜನ ಬಂದು ನಿಂತರು. ವಯಸ್ಸಾದ ಒಬ್ಬ ಅವ್ವ ನೇರವಾಗಿ ಕೇಳಿದರು: “ಮೀನಿನ ಹೊಟ್ಟಿ ನೋಡ್ತೀರಿ, ನಮ್ಮ ಮಕ್ಕಳ ಹೊಟ್ಟಿ ಯಾರು ನೋಡ್ಬೇಕ್ರೀ ಸೆಕ್ರೆಟ್ರಿ?” ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಹುಡುಕಲು ಒಂದು ವಾರ ಹಿಡಿಯಿತು: ಸಂಘ ಗುತ್ತಿಗೆಗೆ ಹಿಡಿದಿದ್ದ ಎರಡು ಕೆರೆಗಳ ಮೀನನ್ನು ಒಮ್ಮೆಲೇ ಎಳೆದು ದಲಾಲಿಗೆ ಹಾಕುವುದನ್ನು ನಿಲ್ಲಿಸಿ, ಏಪ್ರಿಲ್‌ನಿಂದ ಮಿರಗದವರೆಗೆ ವಾರಕ್ಕೆರಡು ದಿನ ಸ್ವಲ್ಪ ಸ್ವಲ್ಪವಾಗಿ ಹಿಡಿದು ನೇರವಾಗಿ ಆ ಹೆಣ್ಣುಮಕ್ಕಳಿಗೇ ಕೊಡುವುದು. ದಲಾಲಿ ಕೊಡುತ್ತಿದ್ದ ಸಗಟು ದರಕ್ಕೇ ಅವರಿಗೆ ಕೊಟ್ಟೆವು. ಬಿಡಿಯಾಗಿ ಮಾರಿದ ಲಾಭ ಅವರ ಸೆರಗಿನ ಗಂಟಿಗೆ ಹೋಯಿತು. ಮಿರಗದ ಬೇಡಿಕೆ ಪೂರ್ತಿ ಕೆರೆಯ ಕಾಟ್ಲಾ, ರೋಹುವಿನಿಂದ ತೀರಿತು. ನನ್ನ ಅನುಭವದಲ್ಲಿ ಇಡೀ ವ್ಯವಸ್ಥೆಯ ತಿರುವು ಇದೇ. ಈ ಕೆರೆಯ ಏರ್ಪಾಡು ಇಲ್ಲದಿದ್ದರೆ ಮಡು ಕಾಯುವ ಮಾತು ಒಂದೇ ಬೇಸಿಗೆಗೆ ಮುರಿದು ಬೀಳುತ್ತಿತ್ತು.

ಬಲೆ ನಿಲ್ಲಿಸಿದ ಮಾತ್ರಕ್ಕೆ ಮಡುವಿನ ಮೀನು ಬದುಕುವುದಿಲ್ಲ ಎಂಬುದು ಮೊದಲ ಮೇ ತಿಂಗಳಲ್ಲಿಯೇ ತಿಳಿಯಿತು. ಬೆಳಗಿನ ಐದು ಗಂಟೆಗೆ ಹೋದರೆ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ರಾತ್ರಿಯಿಡೀ ಪಾಚಿಯೂ ಮೀನೂ ಉಸಿರಾಡಿ ಆಮ್ಲಜನಕ ಮುಗಿದಿರುವ ಹೊತ್ತು ಅದು. ಹಗಲಿನ ಮೂರು ಗಂಟೆಗೆ ಅಳೆದರೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಬೀದರಿನಲ್ಲಿ ಕೇಂದ್ರ ಕಚೇರಿಯಿರುವ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದವರು ವಿಜಯಪುರದ ಭೂತನಾಳದಲ್ಲಿ ನಡೆಸುವ ಕೇಂದ್ರಕ್ಕೆ ಹೋಗಿ ನೀರಿನ ಪರೀಕ್ಷೆ ಕಲಿತೆ. ಗಾಜಿನ ಬಾಟಲಿಯನ್ನು ನೀರಿನೊಳಗೇ ತುಂಬಿ, ಗುಳ್ಳೆ ಉಳಿಯದಂತೆ ಮುಚ್ಚಿ, ಮ್ಯಾಂಗನೀಸ್ ಸಲ್ಫೇಟ್ ದ್ರಾವಣವನ್ನೂ ಕ್ಷಾರೀಯ ಅಯೋಡೈಡ್ ದ್ರಾವಣವನ್ನೂ ಕೆಲವು ಹನಿ ಬಿಟ್ಟು ಅಲುಗಿಸಬೇಕು. ಆಮ್ಲಜನಕವಿದ್ದರೆ ಬೆಲ್ಲದ ಪಾಕದಂಥ ಕಂದು ಗಸಿ ಕೂಡುತ್ತದೆ, ಇಲ್ಲದಿದ್ದರೆ ಹಾಲು ಒಡೆದಂತೆ ಬಿಳಿಯ ಗಸಿ. ಆಮೇಲೆ ಆಮ್ಲ ಹಾಕಿ ಕರಗಿಸಿ, ಗಂಜಿ ಹಾಕಿದಾಗ ಮೂಡುವ ನೀಲಿ ಬಣ್ಣ ಮಾಯವಾಗುವವರೆಗೆ ಥಯೋಸಲ್ಫೇಟ್ ದ್ರಾವಣದ ಹನಿ ಎಣಿಸಿದರೆ ಅಂಕಿ ಸಿಗುತ್ತದೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನೆಮ್ಮದಿ, 3ಕ್ಕೆ ಇಳಿದರೆ ಚಿಂತೆ. ಆ ಮೇ ತಿಂಗಳ ಒಂದು ಬೆಳಗಿನಲ್ಲಿ ನನ್ನ ಬಾಟಲಿಯ ತಳದಲ್ಲಿ ಕೂಡಿದ ಗಸಿ ಹೆಚ್ಚುಕಡಿಮೆ ಬಿಳಿಯೇ ಆಗಿತ್ತು. ಅದನ್ನು ಊರಿನ ಕಟ್ಟೆಗೆ ತಂದು ಎಲ್ಲರಿಗೂ ತೋರಿಸಿದೆ. ಎಷ್ಟು ಮಾತು ಹೇಳಿದ್ದರೂ ಆಗದ ಕೆಲಸ ಆ ಬಾಟಲಿಯಿಂದ ಆಯಿತು.

ಮಡುವಿನ ಉಸಿರು ಕಟ್ಟಲು ಕಾರಣ ಮುಖ್ಯವಾಗಿ ಎರಡು. ಅಂತರಗಂಗೆ ದಂಡೆಯಿಂದ ನಡುವಿನವರೆಗೆ ಹಬ್ಬಿತ್ತು. ಅದನ್ನು ಮೂರು ದಿನ ತೆಪ್ಪದಿಂದ ಎಳೆದು ಎಳೆದು, ಮತ್ತೆ ನೀರಿಗೆ ಜಾರದಷ್ಟು ದೂರಕ್ಕೆ ಎಸೆದೆವು. ಎರಡನೆಯದು ಪಂಪ್‌ಸೆಟ್ಟುಗಳು. ದಂಡೆಯ ಹೊಲಗಳವರು ಮಡುವಿಗೇ ಪೈಪು ಇಳಿಸಿ ನೀರೆತ್ತುತ್ತಿದ್ದರು, ನೀರು ಇಳಿದಷ್ಟೂ ಮೀನಿಗೆ ಜಾಗ ಕಿರಿದಾಗುತ್ತಿತ್ತು, ಬಿಸಿ ಏರುತ್ತಿತ್ತು. ಬೆಳೆ ಒಣಗುವ ರೈತನಿಗೆ ಮೀನಿನ ಕಥೆ ಹೇಳುವುದು ಸುಲಭವಲ್ಲ, ಹೇಳಲು ನನಗೆ ಮನಸ್ಸೂ ಇರಲಿಲ್ಲ. ಕೊನೆಗೆ ಎಮ್ಮೆ, ದನಗಳ ಕುಡಿಯುವ ನೀರಿನ ಹೆಸರಿನಲ್ಲಿ ಮಾತು ಕೂಡಿತು: ಪರ್ಸಿ ಕಲ್ಲಿನ ಗೋಡೆಗೆ ಸುಣ್ಣದ ಗೆರೆ ಎಳೆದು, ನೀರು ಆ ಗೆರೆಗಿಂತ ಕೆಳಗಿಳಿದ ದಿನದಿಂದ ಮೋಟಾರು ಬಂದ್ ಎಂದು ಊರಿನ ಹಿರಿಯರೇ ನಿರ್ಧರಿಸಿದರು. ಎರಡು ವರ್ಷ ಗೆರೆ ಉಳಿಯಿತು, ಒಂದು ವರ್ಷ ಮುರಿಯಿತು, ಮರುವರ್ಷ ಮತ್ತೆ ಎಳೆದೆವು. ಗೆರೆ ಉಳಿದ ವರ್ಷಗಳಲ್ಲಿಯೂ ಆಮ್ಲಜನಕ 3ಕ್ಕಿಂತ ಕೆಳಗಿಳಿದರೆ ನಾವೇ ಬೀಸುಬಲೆ ಇಳಿಸಿ ತಿಲಾಪಿಯಾವನ್ನಷ್ಟೇ ಆರಿಸಿ ತೆಗೆದು ದಟ್ಟಣೆ ಕಡಿಮೆ ಮಾಡುತ್ತೇವೆ; ಬಲೆಯಲ್ಲಿ ಬಂದ ಕೆಮ್ಮೀನು, ಚಪ್ಪಲಿ ಮೀನು, ಹಾವುಮೀನುಗಳನ್ನು ಒದ್ದೆ ಕೈಯಲ್ಲಿಯೇ ಹಿಡಿದು ಮರಳಿ ಬಿಡುತ್ತೇವೆ.

ಕಾವಲಿನ ವಿಚಾರವನ್ನು ಹೆಚ್ಚು ಬೆಳೆಸುವುದಿಲ್ಲ. ಜಿಲೆಟಿನ್ ಕಡ್ಡಿ ಸಿಡಿಸುವುದು, ಬ್ಲೀಚಿಂಗ್ ಪುಡಿ ಸುರಿಯುವುದು, ಕರೆಂಟ್ ತಂತಿ ಇಳಿಸುವುದು ಇವೆಲ್ಲ ನಮ್ಮಲ್ಲೂ ಇದ್ದವು. ನೀರಿಗೆ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ನಿಷೇಧಿಸಿದೆ. ಕರ್ನಾಟಕಕ್ಕೆ ಒಳನಾಡು ಮೀನುಗಾರಿಕೆಯ 1996ರ ಕಾಯ್ದೆಯೂ ಇದೆ. ಆದರೆ ಕಾಯ್ದೆಗಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಒಂದು ಸಂಗತಿಯನ್ನು ಹುಡುಗರಿಗೆ ಕಣ್ಣಾರೆ ತೋರಿಸಿದ್ದು. ಸಿಡಿಸಿದ ಮೇಲೆ ತೇಲಿ ಬರುವ ಮೀನು ಕೆಲವು. ಗಾಳಿಚೀಲ ಒಡೆದು ತಳಕ್ಕೆ ಇಳಿದು ಕೊಳೆಯುವವೇ ಹೆಚ್ಚು. ಅಂಥದೊಂದು ರಾತ್ರಿಯ ಮರುದಿನ ಮುಳುಗುವುದರಲ್ಲಿ ಗಟ್ಟಿಗನಾದ ನಮ್ಮವನೊಬ್ಬ ತಳದಿಂದ ಬುಟ್ಟಿಗಟ್ಟಲೆ ಸತ್ತ ಮರಿಗಳನ್ನು ಮೇಲೆ ತಂದು ಕಲ್ಲಿನ ಮೇಲೆ ಸುರಿದ. ಅದನ್ನು ನೋಡಿದ ಹುಡುಗರಲ್ಲಿ ಇಬ್ಬರು ಈಗ ಬೇಸಿಗೆಯ ರಾತ್ರಿ ಕಾವಲಿಗೆ ಬರುತ್ತಾರೆ.

ಬಲೆಯ ಕಣ್ಣಿನ ವಿಷಯದಲ್ಲಿ ನಾವು ಬೆರಳಿನ ಲೆಕ್ಕ ಇಟ್ಟುಕೊಂಡಿದ್ದೇವೆ: ಕಣ್ಣಿನೊಳಗೆ ಮೂರು ಬೆರಳು ಸಲೀಸಾಗಿ ಹೋಗದ ಬಲೆಯನ್ನು ಹೊಳೆಗೆ ತರುವಂತಿಲ್ಲ, ಸೊಳ್ಳೆಪರದೆಯನ್ನು ಹೊಲಿದು ಮಾಡಿದ ಎಳೆಬಲೆಯಂತೂ ಕಂಡರೆ ಸುಡುವುದೇ. ಇದಕ್ಕಿಂತ ಕಷ್ಟವಾದದ್ದು ಕಟ್ಟುಬಲೆ ಬಿಟ್ಟು ಮಲಗುವ ಅಭ್ಯಾಸವನ್ನು ಬಿಡಿಸುವುದು. ಸಂಜೆ ಬಿಟ್ಟ ಬಲೆಯನ್ನು ಬೆಳಿಗ್ಗೆ ಎತ್ತಿದರೆ ಅದರಲ್ಲಿ ಆಮೆ ಸತ್ತಿರುತ್ತಿತ್ತು. ಆಮೆ ನೀರಿನಲ್ಲಿ ಸಾಯುತ್ತದೆಯೇ ಎಂದು ಹೊಸಬರು ಕೇಳುತ್ತಾರೆ. ಅದು ಶ್ವಾಸಕೋಶದಿಂದ ಉಸಿರಾಡುವ ಜೀವಿ, ಮೇಲೆ ಬರಲಾಗದಂತೆ ಬಲೆ ಸುತ್ತಿದರೆ ಮುಳುಗಿ ಸಾಯುತ್ತದೆ. ನಮ್ಮ ಮಡುವಿನಲ್ಲಿರುವ ದೊಡ್ಡ ಮೆದುಚಿಪ್ಪಿನ ಆಮೆ, ಲೀತ್ ಆಮೆ ಎಂದು ತಜ್ಞರು ಕರೆಯುವುದು, ದಕ್ಷಿಣದ ಪರ್ಯಾಯ ದ್ವೀಪದ ನದಿಗಳಲ್ಲಷ್ಟೇ ಇರುವ ಜಾತಿ. 2022ರಲ್ಲಿ ಪನಾಮಾದಲ್ಲಿ ಸೇರಿದ, ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಸಮ್ಮೇಳನ ಭಾರತದ ಪ್ರಸ್ತಾವದಂತೆ ಅದನ್ನು ಅಂತರರಾಷ್ಟ್ರೀಯ ವ್ಯಾಪಾರವೇ ಕೂಡದ ಮೊದಲ ಪಟ್ಟಿಗೆ ಸೇರಿಸಿತು. ಎಳೆಯ ಆಮೆಯ ಬೆನ್ನಿನ ಮೇಲೆ ಕಣ್ಣು ಬಿಡಿಸಿದಂಥ ದುಂಡು ಗುರುತುಗಳಿರುತ್ತವೆ, ವಯಸ್ಸಾದಂತೆ ಅವು ಮಾಸುತ್ತವೆ.

ಅದನ್ನು ಬಲೆಯಿಂದ ಬಿಡಿಸುವುದನ್ನು ಕಲಿಯಲು ನನಗೆ ಒಂದು ಗಾಯವೇ ಬೇಕಾಯಿತು. ಚಿಪ್ಪಿನ ಪಕ್ಕವನ್ನು ಹಿಡಿದರೆ ಸಾಕೆಂದುಕೊಂಡಿದ್ದೆ. ಅದರ ಕುತ್ತಿಗೆ ನಾವು ಎಣಿಸಿದ್ದಕ್ಕಿಂತ ಬಹಳ ಉದ್ದ, ಹಿಂದಕ್ಕೆ ಹೊರಳಿ ಹೆಬ್ಬೆರಳಿನ ಬುಡವನ್ನು ಕಚ್ಚಿತು. ಈಗ ನಾವು ಮಾಡುವ ಕ್ರಮವೆಂದರೆ, ಮೊದಲು ಒದ್ದೆ ಗೋಣಿಚೀಲವನ್ನು ತಲೆಯ ಮೇಲೆ ಹಾಕಿ, ಹಿಂಗಾಲುಗಳ ಹತ್ತಿರದ ಚಿಪ್ಪಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಇನ್ನೊಬ್ಬರು ಬಲೆಯ ಎಳೆಯನ್ನು ಕತ್ತರಿಸುವುದು. ಎಳೆ ಬಿಡಿಸುತ್ತ ಕೂರುವುದಿಲ್ಲ, ಕತ್ತರಿಸಿಬಿಡುತ್ತೇವೆ. ಹರಿದ ಬಲೆಗೆ ಸಂಘದಿಂದಲೇ ನೂಲು ಕೊಡುತ್ತೇವೆ. ಬಲೆ ಬಿಟ್ಟವನು ಎರಡು ಗಂಟೆಗೊಮ್ಮೆ ಅದನ್ನು ಎತ್ತಿ ನೋಡಬೇಕೆಂಬ ನಿಯಮವೂ ಇದೇ ಕಾರಣಕ್ಕೆ ಬಂತು, ಮತ್ತು ಅದರಿಂದ ಮೀನೂ ಕೊಳೆಯದೆ ತಾಜಾ ಸಿಗುವುದರಿಂದ ಸುಲಭವಾಗಿ ನಿಂತಿತು.

ಮೊಸಳೆಯ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಆಳದ ಮಡುವಿನಲ್ಲಿ ಒಂದು ಮೊಸಳೆಯಿದೆ, ಬಲೆ ಹರಿಯುತ್ತದೆ, ಅದನ್ನು ಹಿಡಿಸಿ ಬೇರೆಡೆಗೆ ಸಾಗಿಸಬೇಕೆಂಬ ಒತ್ತಡ ಪ್ರತಿವರ್ಷ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಎಂದು ಹೇಳಿದರೆ ಹೆದರಿಕೆ ಕಡಿಮೆಯಾಗುವುದಿಲ್ಲ. ನಾವು ಮಾಡಿದ್ದು ಬಟ್ಟೆ ಒಗೆಯುವ ಕಲ್ಲುಗಳನ್ನೇ ಮಡುವಿನಿಂದ ಕೆಳಗಿನ ತೆಳು ನೀರಿಗೆ ಸರಿಸಿದ್ದು, ಮೀನು ಕೊಯ್ದ ಕರುಳನ್ನು ದಂಡೆಯಲ್ಲಿ ಎಸೆಯುವುದನ್ನು ನಿಲ್ಲಿಸಿದ್ದು, ಮಕ್ಕಳು ಈಜುವ ಜಾಗವನ್ನು ಗೊತ್ತುಮಾಡಿದ್ದು. ಮೊಸಳೆ ಬೇಸಿಗೆಯ ಮೊದಲಲ್ಲಿ ದಂಡೆಯ ಮರಳಿನಲ್ಲಿ ಗುಂಡಿ ತೋಡಿ ತತ್ತಿ ಇಡುತ್ತದೆ, ಮಳೆಗೆ ಮುಂಚೆ ಮರಿಗಳು ಹೊರಬರುತ್ತವೆ. ನದಿ ರೀವ ಹಕ್ಕಿಯೂ ಅದೇ ತಿಂಗಳುಗಳಲ್ಲಿ ಮರಳ ದಿಬ್ಬದ ಮೇಲೆ, ಗೂಡೆಂಬುದೇ ಇಲ್ಲದೆ, ಬರಿಯ ತಗ್ಗಿನಲ್ಲಿ ತತ್ತಿ ಇಡುತ್ತದೆ. ಮರಳು ತುಂಬುವ ಟ್ರ್ಯಾಕ್ಟರುಗಳು ಬರುವುದೂ ಆಗಲೇ. ಮೀನುಗಾರನಿಗೆ ಈ ತತ್ತಿಗಳಿಂದ ಏನು ಲಾಭವೆಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಮರಳಿದ್ದರೆ ನೀರು ನೆಲದಡಿ ಜಿನುಗಿ ಮಡುವಿಗೆ ಬರುತ್ತದೆ. ನಮ್ಮ ಮೇಲಿನ ಹರಿವಿನಲ್ಲಿ ಮರಳೆಲ್ಲ ತೆಗೆದ ಕಡೆ ಮಡು ಫೆಬ್ರುವರಿಯಲ್ಲಿಯೇ ಬತ್ತುವುದನ್ನು ನಾನು ಅಳೆದು ನೋಡಿದ್ದೇನೆ.

ಕಾಯ್ದ ಮೀನು ಮಳೆಗಾಲದಲ್ಲಿ ಮೇಲಕ್ಕೆ ಹೋಗದಿದ್ದರೆ ಕಾಯ್ದದ್ದು ವ್ಯರ್ಥ. ಹೊಸ ನೀರಿನ ವಾಸನೆ ಬಂದೊಡನೆ ಕೆಮ್ಮೀನು ಪ್ರವಾಹಕ್ಕೆ ಎದುರಾಗಿ ಏರುತ್ತದೆ, ದಂಡೆ ಮುಳುಗಿದ ಕಡೆ ತತ್ತಿ ಬಿಡುತ್ತದೆ, ಬೆಚ್ಚನೆಯ ನೀರಿನಲ್ಲಿ ಒಂದು ದಿನದೊಳಗೆ ಅವು ಒಡೆಯುತ್ತವೆ. ನಮ್ಮೂರಿನ ಮೇಲೆ ಸೇತುವೆ ಮತ್ತು ಬ್ಯಾರೇಜು ಎರಡೂ ಆಗಿರುವ ಕಟ್ಟೆಯಿದೆ. ಮೊದಲ ನೀರಿಗೆ ಅಲ್ಲಿಯ ಗೇಟುಗಳನ್ನೆಲ್ಲ ಒಂದೊಂದು ಗೇಣು ಎತ್ತುತ್ತಿದ್ದರು. ಆ ಸಂದಿನಿಂದ ನೀರು ಚಿಮ್ಮುವ ರಭಸಕ್ಕೆ ಯಾವ ಮೀನೂ ಎದುರಾಗಲಾರದು. ಮೀನುಗಳು ಕಟ್ಟೆಯ ಕೆಳಗಿನ ಸಿಮೆಂಟಿನ ಮೇಲೆ ಹಾರಿ ಹಾರಿ ಬೀಳುತ್ತಿದ್ದವು, ಜನ ಬುಟ್ಟಿ ಹಿಡಿದು ಆರಿಸಿಕೊಳ್ಳುತ್ತಿದ್ದರು. ಎಲ್ಲ ಗೇಟುಗಳನ್ನು ಗೇಣು ಎತ್ತುವ ಬದಲು ನಡುವಿನ ಎರಡನ್ನು ಪೂರ್ತಿ ಎತ್ತಿದರೆ ಬಿಡುವ ನೀರು ಅಷ್ಟೇ, ಆದರೆ ಮೀನಿಗೆ ದಾರಿಯಾಗುತ್ತದೆ ಎಂದು ಸಂಬಂಧಪಟ್ಟ ಕಚೇರಿಗೆ ಎರಡು ವರ್ಷ ಅರ್ಜಿ ಬರೆದೆ, ಉತ್ತರ ಬರಲಿಲ್ಲ. ಮೂರನೆಯ ವರ್ಷ ಅರ್ಜಿ ಬರೆಯದೆ, ಗೇಟು ನೋಡಿಕೊಳ್ಳುವವರನ್ನೇ ಸಂಜೆ ಕಟ್ಟೆಯ ಕೆಳಗೆ ಕರೆದೊಯ್ದು, ಸಿಮೆಂಟಿನ ಮೇಲೆ ಒದ್ದಾಡುತ್ತಿದ್ದ ಒಂದು ಕೆಮ್ಮೀನನ್ನು ಅವರ ಕೈಗೇ ಕೊಟ್ಟೆ. ಹಿಡಿದೊಡನೆ ಅವರ ಬೆರಳ ಸಂದಿಯಿಂದ ತತ್ತಿ ಸುರಿಯಿತು. “ಅಯ್ಯೋ, ಬಸರಿ ಅದರೀ ಇದು” ಎಂದು ಅವರು ಅದನ್ನು ನೀರಿಗೆ ಬಿಟ್ಟರು.

2020ರ ಅಕ್ಟೋಬರಿನ ಭಾರಿ ಪ್ರವಾಹ ನಮ್ಮ ಎಲ್ಲ ಲೆಕ್ಕಗಳನ್ನು ಕಲಕಿತು. ಹೊಲ, ಮನೆ, ಕೆರೆ, ಖಾಸಗಿ ಹೊಂಡ ಎಲ್ಲವೂ ಒಂದೇ ನೀರಾಯಿತು. ಇಳಿದ ಮೇಲೆ ಮಡುವಿನಲ್ಲಿ ಮೊದಲ ಸಲ ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕಿತು. ದೇಶದಲ್ಲಿ ಅದರ ಸಾಕಣೆ 2000ನೇ ಇಸವಿಯಿಂದಲೇ ನಿಷೇಧವಾಗಿದ್ದರೂ ಕದ್ದು ಸಾಕುವವರಿದ್ದಾರೆ. ಗಾಳಿಯನ್ನೂ ಉಸಿರಾಡಬಲ್ಲ ಆ ಮೀನಿಗೆ ಆಮ್ಲಜನಕವಿಲ್ಲದ ಮೇ ತಿಂಗಳ ಮಡುವೇ ಹಬ್ಬದೂಟ, ಉಳಿದವು ಸೋತು ಮೇಲೆ ಬಂದಾಗ ಅದು ತಿನ್ನುತ್ತದೆ. ಮೈಮೇಲೆ ಅಮೃತಶಿಲೆಯಂಥ ಕಪ್ಪು ಬಿಳಿ ಮಚ್ಚೆ, ಅಗಲ ತಲೆ ಕಂಡರೆ ಮರಳಿ ಬಿಡಬಾರದು, ಮಾರಲೂಬಾರದು ಎಂದು ತೀರ್ಮಾನಿಸಿ, ಸಿಕ್ಕವನ್ನೆಲ್ಲ ದಂಡೆಯಿಂದ ದೂರ ಹೂಳುತ್ತ ಬಂದಿದ್ದೇವೆ. ಮೊದಲ ಎರಡು ಬೇಸಿಗೆ ಹೆಚ್ಚಾಗಿ ಸಿಕ್ಕವು, ಈಗ ಅಪರೂಪ. ಪೂರ್ತಿ ಹೋಗಿವೆಯೆಂದು ನಾನು ನಂಬುವುದಿಲ್ಲ.

ನನ್ನ ಲೆಕ್ಕದ ಪುಸ್ತಕ ಈಗ ಮಿರಗದ ದರವನ್ನಷ್ಟೇ ಬರೆಯುವ ಪುಸ್ತಕವಲ್ಲ. ಮೀನಿನ ಹೆಸರು, ಸಿಂಪಿಗರ ಟೇಪಿನಲ್ಲಿ ಅಳೆದ ಉದ್ದ, ಹೊಟ್ಟೆ ಒತ್ತಿದರೆ ತತ್ತಿಯೋ, ಗಂಡುಮೀನಿನ ವೀರ್ಯವಾದ ಹಾಲೋ ಬಂತೇ, ಯಾವ ಮಡು, ಬಲೆಯ ಕಣ್ಣು, ಬೆಳಗಿನ ಆಮ್ಲಜನಕ, ಇಷ್ಟನ್ನು ಒಂದೇ ಸಾಲಿನಲ್ಲಿ ಬರೆಯುತ್ತೇನೆ. ಮಳೆಗಾಲ ಮುಗಿದ ಮೇಲೆ ಬೀಸುಬಲೆಯಲ್ಲಿ ಬೆರಳುದ್ದದ ಕೆಮ್ಮೀನಿನ ಮರಿ ಸಿಕ್ಕರೆ ಆ ಸಾಲಿಗೆ ಕೆಂಪು ಶಾಯಿ. ಮೊದಲ ವರ್ಷದ ಪುಟಗಳಲ್ಲಿ ಕೆಂಪು ಹುಡುಕಬೇಕು, ಕಳೆದ ಮೂರು ವರ್ಷಗಳ ನವೆಂಬರ್ ಪುಟಗಳಲ್ಲಿ ಹುಡುಕಬೇಕಾಗಿಲ್ಲ. ಕಾಗೆಮೀನು ಇನ್ನೂ ಕಡಿಮೆಯೇ ಇದೆ, ಕಾರಣ ನನಗೆ ಹೊಳೆದಿಲ್ಲ. ಬ್ಯಾರೇಜಿನ ಪಕ್ಕಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಮೀನಿನ ದಾರಿ ಕಟ್ಟಿಸುವ ಕೆಲಸ ಕಾಗದದಲ್ಲಿಯೇ ಉಳಿದಿದೆ. ಕಾರ್ಯದರ್ಶಿಯ ಕೆಲಸವನ್ನು ಬಿಟ್ಟ ಮೇಲೆ ಪುಸ್ತಕವನ್ನು ರಾತ್ರಿ ಕಾವಲಿಗೆ ಬರುವ ಹುಡುಗನಿಗೆ ಕೊಟ್ಟಿದ್ದೇನೆ. ಈ ಸಲ ಕಾಗಿಣಾದ ಕೆಂಪು ನೀರು ಬಂದ ರಾತ್ರಿ ಅವನು ಬರೆದ ಸಾಲು ಹೀಗಿದೆ: ನಡುವಿನ ಗೇಟು ಎರಡು, ಪೂರ್ತಿ ಎತ್ತಿದ್ದಾರೆ, ಕಟ್ಟೆಯ ಕೆಳಗಿನ ಸಿಮೆಂಟಿನ ಮೇಲೆ ಮೀನು ಇಲ್ಲ.